ಬೇಟೆ ರೈಫಲ್ ಜತೆ ವಿದೇಶಕ್ಕೆ: ಪೆಟ್ಟಿಗೆ ಎಲ್ಲೆಲ್ಲಿ ನಿಮ್ಮ ಕೈಗೆ ಬರುತ್ತದೆ?

ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯವನು. ಡಲ್ಲಾಸ್‌ಗೆ ಬಂದು ಹದಿನಾರು ವರ್ಷವಾಯಿತು, ಈಗ ಗ್ರೀನ್ ಕಾರ್ಡ್ ಇದೆ. ಟೆಕ್ಸಸ್‌ನಲ್ಲಿ ಪ್ರತಿ ವರ್ಷ ಜಿಂಕೆ ಬೇಟೆಗೆ ಹೋಗುತ್ತೇನೆ. ಬರುವ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಲಿಂಪೊಪೊದಲ್ಲಿ ಏಳು ದಿನದ ಕುಡು (ಆಫ್ರಿಕಾದ ದೊಡ್ಡ ಹುಲ್ಲೆ) ಬೇಟೆ ಬುಕ್ ಮಾಡಿದ್ದೇನೆ. ನನ್ನದೇ .30-06 ಕ್ಯಾಲಿಬರಿನ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ) ರೈಫಲ್ ತೆಗೆದುಕೊಂಡು ಹೋಗುವ ಆಸೆ. ಆಮ್‌ಸ್ಟರ್‌ಡಾಮ್ ಮೂಲಕ ಹೋದರೆ ಟಿಕೆಟ್ ಕಡಿಮೆಗೆ ಸಿಗುತ್ತಿದೆ. ಏನೇನು ಸಿದ್ಧತೆ ಬೇಕು?

ಉತ್ತರ: ಟಿಕೆಟ್ ಇನ್ನೂ ಕೊಂಡಿಲ್ಲ ಅಂದುಕೊಳ್ಳುತ್ತೇನೆ. ಮೊದಲು ಅದರ ಬಗ್ಗೆಯೇ ಹೇಳಿಬಿಡುತ್ತೇನೆ.

ರೈಫಲ್ ಜತೆ ಹೊರಟವರು ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ. ಈ ಪೆಟ್ಟಿಗೆ ದಾರಿಯಲ್ಲಿ ಎಲ್ಲೆಲ್ಲಿ ಇಳಿಯುತ್ತದೆ, ಎಲ್ಲೆಲ್ಲಿ ನನ್ನ ಕೈಗೆ ಬರುತ್ತದೆ? ಅದು ಇಳಿಯುವ ಪ್ರತಿ ಜಾಗಕ್ಕೂ ಅದರದೇ ಕಾನೂನು ಇದೆ. ಆಮ್‌ಸ್ಟರ್‌ಡಾಮ್‌ನಲ್ಲಿ ನೀವು ವಿಮಾನ ಮಾತ್ರ ಬದಲಿಸುತ್ತೀರಿ, ಹೊರಗೆ ಕಾಲಿಡುವುದೂ ಇಲ್ಲ. ಆದರೂ ಬಂದೂಕು ಆ ನೆಲ ದಾಟುತ್ತಿದೆ ಎಂದು ಡಚ್ ಕಸ್ಟಮ್ಸ್‌ನವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಲಂಡನ್ ಮೂಲಕ ಹೋದರೂ ಬೇರೆ ಅನುಮತಿಯ ತಲೆನೋವು ಇದೆ. ಟಿಕೆಟ್‌ನಲ್ಲಿ ಉಳಿಸಿದ ದುಡ್ಡು ಈ ಓಡಾಟದಲ್ಲಿ ಕರಗುತ್ತದೆ. ಅಟ್ಲಾಂಟಾದಿಂದ ಜೋಹಾನ್ಸ್‌ಬರ್ಗ್‌ಗೆ ನೇರ ವಿಮಾನವಿದೆ. ಡಲ್ಲಾಸ್‌ನಿಂದ ಅಟ್ಲಾಂಟಾ, ಅಲ್ಲಿಂದ ಜೋಹಾನ್ಸ್‌ಬರ್ಗ್, ಎರಡೂ ಒಂದೇ ಟಿಕೆಟ್‌ನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ ಪೆಟ್ಟಿಗೆ ಅಟ್ಲಾಂಟಾದಲ್ಲಿ ನಿಮ್ಮ ಕೈಗೆ ಬರುತ್ತದೆ. ಆಮೇಲೆ ಎಲ್ಲ ಮತ್ತೆ ಮೊದಲಿನಿಂದ.

ಕೈಗೆ ಬಂದರೆ ಏನಾಗುತ್ತದೆ ಅಂತೀರಾ? 2005ರಲ್ಲಿ ಉಟಾದ ಪ್ರಯಾಣಿಕರೊಬ್ಬರು ಪೆನ್ಸಿಲ್ವೇನಿಯಾಗೆ ಹೊರಟಿದ್ದರು. ಪಿಸ್ತೂಲನ್ನು ನಿಯಮದ ಪ್ರಕಾರವೇ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಹೊರಡುವ ಊರಿನಲ್ಲಿ ಕೌಂಟರ್‌ನವರಿಗೆ ತಿಳಿಸಿಯೇ ಕೊಟ್ಟಿದ್ದರು. ನ್ಯೂವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಲಗೇಜ್ ಇಸಿದುಕೊಂಡು ರಾತ್ರಿ ಹೋಟೆಲ್‌ನಲ್ಲಿ ಉಳಿದರು. ಮರುದಿನ ಬೆಳಿಗ್ಗೆ ಪ್ರಾಮಾಣಿಕವಾಗಿ 'ಇದರಲ್ಲಿ ಪಿಸ್ತೂಲು ಇದೆ' ಎಂದು ಕೌಂಟರ್‌ನಲ್ಲಿ ಹೇಳಿದರು. ನ್ಯೂಜೆರ್ಸಿ ಕಾನೂನಿನ ಪ್ರಕಾರ ಅಲ್ಲೇ ಬಂಧನವಾಯಿತು. ಕೆಲವು ದಿನ ಜೈಲಿನಲ್ಲಿ ಕಳೆದರು. ಆಮೇಲೆ ಕೇಸ್ ಕೈಬಿಟ್ಟರು. ಆದರೆ ಅವರು ಹೂಡಿದ ಪರಿಹಾರದ ದಾವೆ 2010ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಬಂದೂಕು ಜತೆ ರಾಜ್ಯ ದಾಟಿ ಹೋಗುವವರಿಗೆ ರಕ್ಷಣೆ ಕೊಡುವ ಫೆಡರಲ್ ಕಾನೂನು ಇದೆ ನಿಜ. ಆದರೆ ರಾತ್ರಿಯಿಡೀ ಪೆಟ್ಟಿಗೆ ಅವರ ಕೈಗೆ ಸಿಗುವಂತೆ ಇದ್ದುದರಿಂದ ಆ ರಕ್ಷಣೆ ಅನ್ವಯಿಸುವುದಿಲ್ಲ ಎಂದಿತು ನ್ಯಾಯಾಲಯ. ನಿಮ್ಮದು ಪಿಸ್ತೂಲಲ್ಲ, ರೈಫಲ್. ಆದರೂ ನನ್ನ ಬಳಿ ಸಲಹೆ ಕೇಳಿದವರನ್ನು ನ್ಯೂಯಾರ್ಕ್, ನ್ಯೂವಾರ್ಕ್ ಮೂಲಕ ನಾನು ಕಳಿಸುವುದಿಲ್ಲ. ಎಲ್ಲೇ ಆಗಲಿ, ವಿಮಾನ ತಪ್ಪಿ ರಾತ್ರಿ ಉಳಿಯಬೇಕಾದರೆ ಗನ್ ಪೆಟ್ಟಿಗೆಯನ್ನು ವಾಪಸ್ ತೆಗೆದುಕೊಳ್ಳಬೇಡಿ. 'ನಿಮ್ಮ ಬಳಿಯೇ ಇರಲಿ' ಎಂದು ಏರ್‌ಲೈನ್‌ನವರಿಗೆ ಹೇಳಿ.

ಇನ್ನು ಕಾಗದಪತ್ರ. ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸಿಬಿಪಿಯ (ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ಇಲಾಖೆ) ಫಾರ್ಮ್ 4457. ಅಮೆರಿಕದಿಂದ ಹೊರಗೆ ಒಯ್ಯುವ ಸ್ವಂತ ವಸ್ತುವಿನ ನೋಂದಣಿ ಪತ್ರ ಅದು. ಹೋಗಿ ಬಂದ ಮೇಲೆ 'ಈ ರೈಫಲ್ ನನ್ನದೇ, ಹೊರಗೆ ಕೊಂಡದ್ದಲ್ಲ' ಎಂದು ತೋರಿಸಲು ಇರುವ ಚೀಟಿ. ಆದರೆ ಅಮೆರಿಕದಲ್ಲಿ ರೈಫಲ್‌ಗೆ ನಮ್ಮಲ್ಲಿಯ ಹಾಗೆ ಲೈಸೆನ್ಸ್ ಪುಸ್ತಕ ಇಲ್ಲವಲ್ಲ, ಹಾಗಾಗಿ ದಕ್ಷಿಣ ಆಫ್ರಿಕಾದ ಪೊಲೀಸರು ಇದನ್ನೇ ಮಾಲೀಕತ್ವದ ದಾಖಲೆ ಎಂದು ಒಪ್ಪುತ್ತಾರೆ. ಇದು ಇಲ್ಲದೆ ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದರೆ ರೈಫಲ್ ನಿಮ್ಮ ಜತೆ ಮುಂದೆ ಬರುವುದಿಲ್ಲ.

ಇದನ್ನು ಆನ್‌ಲೈನ್‌ನಲ್ಲಿ ಮಾಡಿಸಲು ಆಗುವುದಿಲ್ಲ. ರೈಫಲನ್ನು ಖಾಲಿ ಮಾಡಿ, ಪೆಟ್ಟಿಗೆಯಲ್ಲಿಟ್ಟು, ಹತ್ತಿರದ ಸಿಬಿಪಿ ಕಚೇರಿಗೆ ಒಯ್ಯಬೇಕು. ಅಧಿಕಾರಿ ಸೀರಿಯಲ್ ನಂಬರ್ ಅನ್ನು ಕಣ್ಣಾರೆ ನೋಡಿ, ಸಹಿ ಹಾಕಿ, ಮೊಹರು ಒತ್ತುತ್ತಾರೆ. ಸುಮ್ನೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಮೊದಲೇ ಫೋನ್ ಮಾಡಿ, ಬಂದೂಕು ತರುತ್ತಿದ್ದೇನೆ ಎಂದು ಹೇಳಿ ಹೋಗಿ. ಸ್ಕೋಪ್ ದುಬಾರಿಯದಾದರೆ ಅದನ್ನೂ ಬರೆಸಿ.

ಒಂದು ಸಣ್ಣ ವಿಷಯ, ಆದರೆ ಬಹಳ ಜನರನ್ನು ಕಾಡಿದೆ. ಆ ಫಾರ್ಮಿನ ಮೇಲ್ಮೂಲೆಯಲ್ಲಿ ಒಂದು ಮುಕ್ತಾಯದ ದಿನಾಂಕ ಅಚ್ಚಾಗಿರುತ್ತದೆ. ಅದು ಫಾರ್ಮಿನ ಅಚ್ಚಿಗೆ ಸಂಬಂಧಿಸಿದ್ದು, ನಿಮ್ಮ ರೈಫಲ್‌ಗಲ್ಲ. ಆದರೆ ದೂರದ ದೇಶದ ಪೊಲೀಸರಿಗೆ ಅದು ಹೇಗೆ ತಿಳಿಯಬೇಕು? ದಿನಾಂಕ ಕಳೆದಿದೆ ಎಂದು ಅವರು ತಕರಾರು ಮಾಡಿದ್ದು ಉಂಟು. ಹಳೆಯ 4457 ನಿಮ್ಮ ಹತ್ತಿರ ಇದ್ದರೂ, ಈಗಿನ ಅಚ್ಚಿನ ಫಾರ್ಮ್‌ನಲ್ಲಿ ಹೊಸದಾಗಿ ಮಾಡಿಸಿಕೊಳ್ಳಿ.

ಅಮೆರಿಕದ ರಫ್ತು ನಿಯಮದಲ್ಲಿ ನಿಮಗೆ ತೊಂದರೆ ಇಲ್ಲ. ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ಸ್ವಂತ ಬಳಕೆಗೆ ಮೂರು ಬಂದೂಕು, 1,000 ತೋಟಾಗಳವರೆಗೆ ಬೇರೆ ರಫ್ತು ಲೈಸೆನ್ಸ್ ಇಲ್ಲದೆ ಒಯ್ಯಬಹುದು. ಸಿಬಿಪಿಗೆ ತಿಳಿಸಿಯೇ ಒಯ್ಯಬೇಕು, ವಾಪಸ್ ತರಲೂಬೇಕು. ಅಲ್ಲೇ ಯಾರಿಗಾದರೂ ಕೊಟ್ಟು ಬರುವ ಹಾಗಿಲ್ಲ.

ದಕ್ಷಿಣ ಆಫ್ರಿಕಾದ ಕಡೆ ಬೇಕಾದ್ದು ಎಸ್‌ಎಪಿಎಸ್ 520 ಎಂಬ ಅಲ್ಲಿನ ಪೊಲೀಸ್ ಇಲಾಖೆಯ ಅರ್ಜಿ, ತಾತ್ಕಾಲಿಕವಾಗಿ ಬಂದೂಕು ತರಲು. ಕಪ್ಪು ಶಾಯಿಯಲ್ಲಿ ತುಂಬಿ. ಸಹಿ ಮಾತ್ರ ಹಾಕಬೇಡಿ. ಪೊಲೀಸ್ ಅಧಿಕಾರಿಯ ಎದುರಿಗೇ ಹಾಕಬೇಕು. ನನ್ನ ಜತೆ ಬಂದಿದ್ದ ಗೆಳೆಯರೊಬ್ಬರು ವಿಮಾನದಲ್ಲಿ ಕೂತು ನೀಟಾಗಿ ಸಹಿ ಹಾಕಿಬಿಟ್ಟಿದ್ದರು. ಹದಿನೈದು ಗಂಟೆ ಹಾರಿ ಸುಸ್ತಾದ ಮೇಲೆ ಇಡೀ ಅರ್ಜಿಯನ್ನು ನಿಂತುಕೊಂಡು ಮತ್ತೆ ಬರೆದರು. ಅರ್ಜಿಯ ಜತೆ ಪಾಸ್‌ಪೋರ್ಟ್ ಪ್ರತಿ, ಹೋಗಿ ಬರುವ ಟಿಕೆಟ್, 4457, ಮತ್ತೆ ಬೇಟೆ ಏರ್ಪಡಿಸಿದವರ ಆಹ್ವಾನ ಪತ್ರ ಇರಲಿ. ಆ ಪತ್ರದಲ್ಲಿ ದಿನಾಂಕ, ಜಾಗ, ರೈಫಲ್ ಏಕೆ ಬೇಕು ಎಂಬುದು ಸ್ಪಷ್ಟವಾಗಿ ಇರಬೇಕು. ಈಗಲೇ ಅವರಿಗೆ ಬರೆದು ತರಿಸಿಕೊಳ್ಳಿ. ಎಲ್ಲದರ ಎರಡೆರಡು ಪ್ರತಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಬೋಲ್ಟ್ ಆಕ್ಷನ್ ಇರುವುದು ಒಳ್ಳೆಯದಾಯಿತು. ಸೆಮಿ ಆಟೊಮ್ಯಾಟಿಕ್ ಆಗಿದ್ದರೆ ಬೇಡ ಅನ್ನುತ್ತಿದ್ದೆ. ಎರಡನೇ ರೈಫಲ್ ಒಯ್ಯುವ ಮನಸ್ಸಿದ್ದರೆ ಅದೇ ಕ್ಯಾಲಿಬರಿನದು ಆಗದಿರಲಿ.

ಪೆಟ್ಟಿಗೆ ಗಟ್ಟಿ ಮೈಯದು, ಬೀಗ ಹಾಕುವಂಥದ್ದು ಇರಬೇಕು. ಬೀಗದ ಪ್ರತಿ ತೂತಿಗೂ ಬೀಗ ಹಾಕಿ. ಮೂಲೆ ಎಳೆದರೆ ಸಂದು ಬಿಡುವ ಪೆಟ್ಟಿಗೆಯನ್ನು ಕೌಂಟರ್‌ನಲ್ಲೇ ತಿರಸ್ಕರಿಸುತ್ತಾರೆ. ಬೀಗದ ಕೈ ನಿಮ್ಮ ಬಳಿ ಮಾತ್ರ ಇರಬೇಕು ಎನ್ನುವುದು ಟಿಎಸ್‌ಎ (ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಇಲಾಖೆ) ನಿಯಮವೇ. ಹಾಗಾಗಿ ಮಾಮೂಲಿ ಗಟ್ಟಿ ಬೀಗ ಹಾಕಿ. ರೈಫಲ್ ಖಾಲಿ ಇರಲಿ, ಬೋಲ್ಟ್ ತೆಗೆದು ಪಕ್ಕದಲ್ಲಿಡಿ. ಡಲ್ಲಾಸ್ ಕೌಂಟರ್‌ನಲ್ಲಿ ನಿಂತ ಕೂಡಲೇ, ಬೇರೆ ಮಾತಿಗೆ ಮುಂಚೆ, ಬಂದೂಕು ಇದೆ ಎಂದು ಹೇಳಿ. ಟಿಎಸ್‌ಎ ತಪಾಸಣೆ ಮುಗಿಯುವವರೆಗೆ ಆ ಕಡೆಯಿಂದ ಕದಲಬೇಡಿ. ಪೆಟ್ಟಿಗೆ ತೆರೆಯಬೇಕಾದರೆ ನಿಮ್ಮನ್ನೇ ಹುಡುಕುತ್ತಾರೆ.

ತೋಟಾ ವಿಷಯದಲ್ಲಿ ಎರಡು ಲೆಕ್ಕ ಇವೆ. ದಕ್ಷಿಣ ಆಫ್ರಿಕಾ ಒಂದು ರೈಫಲ್‌ಗೆ 200 ತೋಟಾ ಬಿಡುತ್ತದೆ. ಏರ್‌ಲೈನ್‌ಗಳು ಬಿಡುವುದು ಸಾಮಾನ್ಯವಾಗಿ ಒಬ್ಬರಿಗೆ 5 ಕೆಜಿ, ಡಬ್ಬಿಯ ತೂಕವೂ ಸೇರಿ. .30-06 ತೋಟಾ 200 ಒಯ್ದರೆ 5 ಕೆಜಿ ದಾಟಿಬಿಡುತ್ತದೆ. ಆದರೆ ಏಳು ದಿನಕ್ಕೆ ಅಷ್ಟೆಲ್ಲ ಏಕೆ? ಮೊದಲ ದಿನ ಗುರಿ ಸರಿಮಾಡಿಕೊಳ್ಳುವುದೂ ಸೇರಿ 60 ಸಾಕು. ಅದು ಎರಡು ಕೆಜಿಯೂ ಆಗುವುದಿಲ್ಲ. ಕಾರ್ಖಾನೆಯ ಡಬ್ಬಿಯಲ್ಲೇ ಇರಲಿ. ಆ ಡಬ್ಬಿಗಳನ್ನು ಬೀಗವಿರುವ ಸಣ್ಣ ಪೆಟ್ಟಿಗೆಯಲ್ಲಿಟ್ಟು, ಅದನ್ನು ಬಟ್ಟೆಯ ಸೂಟ್‌ಕೇಸ್‌ನಲ್ಲಿ ಹಾಕಿ. ರೈಫಲ್ ಜತೆ ಬೇಡ. ಇನ್ನೊಂದು ಮಾತು. ಟೆಕ್ಸಸ್‌ನಲ್ಲಿ ಬೇಟೆಗೆ ಒಯ್ಯುವ ಬ್ಯಾಗನ್ನೇ ಕೈಚೀಲವಾಗಿ ತರಬೇಡಿ. ಜೇಬಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಸಾಕು, ಇಡೀ ಪ್ರಯಾಣ ಕೆಡಲು.

ಜೋಹಾನ್ಸ್‌ಬರ್ಗ್‌ನ ಒ.ಆರ್. ಟ್ಯಾಂಬೊ ನಿಲ್ದಾಣದಲ್ಲಿ ಬೆಲ್ಟ್ ಹತ್ತಿರ ರೈಫಲ್‌ಗಾಗಿ ಕಾಯಬೇಡಿ. ಅದು ನೇರ ಪೊಲೀಸರ ಬಂದೂಕು ಕಚೇರಿಗೆ ಹೋಗುತ್ತದೆ. ಅಲ್ಲಿ ನಂಬರ್ ತಾಳೆ ನೋಡಿ ಪರ್ಮಿಟ್ ಬರೆದುಕೊಡುತ್ತಾರೆ. ಪರ್ಮಿಟ್‌ನಲ್ಲಿರುವ ನಂಬರನ್ನು ನೀವೂ ಅಲ್ಲೇ ಒಂದೊಂದೇ ಅಂಕಿ ಓದಿ ನೋಡಿ. ಒಂದು ಅಂಕಿ ತಪ್ಪಿದ್ದರೂ ಹೊರಡುವ ದಿನ ಅದೇ ಕಚೇರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ವಾಪಸ್ ಬರುವಾಗಲೂ ಅವರ ಮುದ್ರೆ ಬೇಕು, ಹಾಗಾಗಿ ನಾಲ್ಕು ಗಂಟೆ ಮುಂಚೆ ನಿಲ್ದಾಣದಲ್ಲಿರಿ.

ಬರುವಾಗ ಅಟ್ಲಾಂಟಾದಲ್ಲಿ ಮಾತ್ರ ಪೆಟ್ಟಿಗೆ ನಿಮ್ಮ ಕೈಗೆ ಬಂದೇ ಬರುತ್ತದೆ. ಅಮೆರಿಕದ ಒಳಗೆ ಮೊದಲು ಕಾಲಿಡುವ ಜಾಗ ಅದು. ಕಸ್ಟಮ್ಸ್‌ಗೆ 4457 ತೋರಿಸಿ, ಡಲ್ಲಾಸ್ ವಿಮಾನಕ್ಕೆ ಪೆಟ್ಟಿಗೆಯನ್ನು ಮತ್ತೆ ಕೊಡುವಾಗ ಬಂದೂಕು ಇದೆ ಎಂದು ಮತ್ತೆ ಹೇಳಬೇಕು. ಅಲ್ಲಿ ಕನಿಷ್ಠ ಮೂರು ಗಂಟೆ ಬಿಡುವು ಇರುವ ವಿಮಾನ ಆರಿಸಿಕೊಳ್ಳಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಕೊಲೊರಾಡೊದಲ್ಲಿದ್ದೇನೆ. ಬೇಟೆ ಲೈಸೆನ್ಸ್ ತೋರಿಸಿ ರೈಫಲ್ ಕೊಂಡೆ. ಅದನ್ನು ನಮೀಬಿಯಾಗೆ ಒಯ್ಯಬಹುದೇ?

ಉತ್ತರ: ಬೇಡ. ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ನಿಮ್ಮಂಥ ವೀಸಾದವರು ಅಮೆರಿಕದ ಒಳಗೆ ರೈಫಲ್ ಇಟ್ಟುಕೊಳ್ಳಲು ವಿನಾಯಿತಿ ಇದೆ, ಅದು ಸರಿ. ಲೈಸೆನ್ಸ್ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಆದರೆ ಮೇಲೆ ಹೇಳಿದ ಮೂರು ಬಂದೂಕಿನ ರಫ್ತು ಸೌಲಭ್ಯ ನಾಗರಿಕರು ಮತ್ತು ಗ್ರೀನ್ ಕಾರ್ಡ್‌ನವರಿಗೆ ಮಾತ್ರ. ನಿಮ್ಮಂಥವರು ಹೊರಗಿನಿಂದ ಅನುಮತಿ ಪಡೆದು ತಂದ ಬಂದೂಕನ್ನು ವಾಪಸ್ ಒಯ್ಯಬಹುದು, ಅಮೆರಿಕದಲ್ಲಿ ಕೊಂಡದ್ದನ್ನಲ್ಲ. ನಮೀಬಿಯಾದ ಬೇಟೆ ತೋಟಗಳಲ್ಲಿ ಬಾಡಿಗೆ ರೈಫಲ್ ಸಿಗುತ್ತದೆ. ಅದನ್ನೇ ಬಳಸಿ. ನಿಮ್ಮ ವೀಸಾಕ್ಕಿಂತ ರೈಫಲ್ ದೊಡ್ಡದಲ್ಲ ಅಲ್ವಾ?

ಪ್ರಶ್ನೆ: ಈ ಸಲ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೊಡಗಿನ ಊರಿಗೆ ಹೋಗುತ್ತಿದ್ದೇವೆ. ಮಗನ ಹೊಸ ರೈಫಲನ್ನು ಅಜ್ಜನಿಗೆ ತೋರಿಸುವ ಆಸೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಅದರ ಮೇಲೆ ತರಬಹುದೇ?

ಉತ್ತರ: ಆಸೆ ನನಗೆ ಅರ್ಥವಾಗುತ್ತದೆ, ಆದರೆ ಆಗುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವುದು ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಹೊರದೇಶದಿಂದ ಬಂದೂಕು ತರುವುದು ಬೇರೆಯೇ ವಿಷಯ, ಅದು ಕಸ್ಟಮ್ಸ್ ಕೈಯಲ್ಲಿದೆ. ರಜೆಗೆ ಬರುವವರು ಬ್ಯಾಗೇಜ್‌ನಲ್ಲಿ ಬಂದೂಕು ತರುವಂತೆಯೇ ಇಲ್ಲ. ವಾಸ ಬದಲಿಸಿ ಭಾರತಕ್ಕೆ ಕಾಯಂ ಬರುವವರಿಗೆ ಮಾತ್ರ ಒಂದು ಬಂದೂಕಿಗೆ ಅವಕಾಶವಿದೆ. ಅದೂ ಹೊರಗೆ ಒಂದು ವರ್ಷವಾದರೂ ಸ್ವಂತದ್ದಾಗಿದ್ದು, ನಿಷೇಧಿತ ಬೋರ್ (ನಳಿಗೆಯ ಅಳತೆ) ಆಗಿರದೆ, ಭಾರತದ ಲೈಸೆನ್ಸ್ ಇದ್ದರೆ.

ತಂದರೂ ಬೇಟೆಗೆ ಹೋಗುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೈಲ್‌ಪೊಳ್ದ್ ಆದ ನಂತರದ ಬೇಟೆ ನಿಂತು ಹೋಗಿದೆ. ಈಗ ಗುರಿ ಇಡುವುದು ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ. ಮಗನ ರೈಫಲಿನ ಫೋಟೊ ಅಜ್ಜನಿಗೆ ತೋರಿಸಿ. ಐನ್‌ಮನೆಯ (ಕುಟುಂಬದ ಮೂಲ ಮನೆ) ಕೋವಿಗೆ ಎಣ್ಣೆ ಹಾಕಿ ಒರೆಸಲು, ತೋಕ್ ಪೂ (ಕೋವಿ ಹೂ) ಸಿಕ್ಕಿಸಲು ಅಜ್ಜನ ಪಕ್ಕ ಮಗನನ್ನು ಕೂರಿಸಿ. ಕಾಯಿಗೆ ಗುಂಡು ಹೊಡೆಯುವುದು ಆ ಕೋವಿಯಲ್ಲೇ ಆಗಲಿ.