ಪಟ್ಟಿ ಬಾಯಿಪಾಠ, ಮಾತು ಮಾತ್ರ ಬರುತ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ, ಆಟಿಸಂ ಇದೆ. ರಷ್ಯನ್ ವಿಭಕ್ತಿ ಪಟ್ಟಿಗಳೆಲ್ಲ ಬಾಯಿಪಾಠ. ಆದರೆ ಆನ್‌ಲೈನ್ ತರಗತಿಯಲ್ಲಿ ದಿಢೀರನೆ ಸಂಭಾಷಣೆ ಮಾಡಿಸಿದರೆ ಒಂದು ವಾಕ್ಯವೂ ಹೊರಡುವುದಿಲ್ಲ. ಏನು ಮಾಡಲಿ?
– ಓದುಗರು, ಧಾರವಾಡ

ಉತ್ತರ: ರಷ್ಯನ್ನಿನಲ್ಲಿ ವಿಭಕ್ತಿಗಳು ಆರೇ. ಕನ್ನಡಿಗರಿಗೆ ಆ ಕಲ್ಪನೆ ಹೊಸದಲ್ಲ. ತೊಡಕಿರುವುದು ಲಿಂಗ, ವಚನಕ್ಕೆ ತಕ್ಕಂತೆ ಬದಲಾಗುವ ಪ್ರತ್ಯಯಗಳಲ್ಲಿ. ಮಾತಿನ ನಡುವೆ ಮನಸ್ಸಿನಲ್ಲೇ ಪಟ್ಟಿ ತಡಕುವಷ್ಟರಲ್ಲಿ ಎದುರಿನವರು ಮುಂದಿನ ವಾಕ್ಯಕ್ಕೆ ಹೋಗಿರುತ್ತಾರೆ. ಹಾಗಾಗಿ ಪದಗಳನ್ನು ಜೋಡಿಯಾಗಿಯೇ ಕಲಿಯಿರಿ: 'ವ್ ಮಸ್ಕ್ವ್ಯೆ' ಎಂದರೆ ಮಾಸ್ಕೋದಲ್ಲಿ, 'ವ್ ಮಸ್ಕ್ವೂ' ಎಂದರೆ ಮಾಸ್ಕೋಗೆ. ಒಂದು ವಿಭಕ್ತಿಗೆ ಎರಡು ವಾರ, ದಿನಕ್ಕೆ ಐದು ವಾಕ್ಯ, ಪ್ರತಿಯೊಂದಕ್ಕೂ ಧ್ವನಿ ಇರುವ ಕಾರ್ಡ್. ಪಟ್ಟಿ ಅನುಮಾನ ಬಂದಾಗ ನೋಡಲಿಕ್ಕಷ್ಟೇ ಇರಲಿ.

ಬರೆದಂತೆ ಉಚ್ಚರಿಸುವ ಹಟ ಬೇಡ. ಒತ್ತು ಬೀಳದ 'ಒ' ಅಕ್ಷರ 'ಅ' ಎಂದೇ ಕೇಳಿಸುತ್ತದೆ. ಇದು ಅಪವಾದವಲ್ಲ, ನಿಯಮ. ಒತ್ತು ಎಲ್ಲಿ ಎಂಬುದಕ್ಕೆ ಮಾತ್ರ ಸುಲಭ ಸೂತ್ರವಿಲ್ಲ. ಹೊಸ ಪದ ಬರೆದಾಗಲೆಲ್ಲ ಆ ಸ್ವರದ ಮೇಲೆ ಗೆರೆ ಎಳೆಯಿರಿ. ಒತ್ತು ಮೊದಲ ಸ್ವರಕ್ಕೆ ಬಿದ್ದರೆ 'ಜ಼ಾಮಕ್' ಕೋಟೆ, ಎರಡನೆಯದಕ್ಕೆ ಬಿದ್ದರೆ 'ಜ಼ಮೋಕ್' ಬೀಗ.

ಸಂಭಾಷಣೆಯ ಸನ್ನಿವೇಶವನ್ನು ಹಿಂದಿನ ದಿನವೇ ಬರಹದಲ್ಲಿ ಕಳಿಸಲು ಟೀಚರನ್ನು ಕೇಳಿ. ಇದು ರಿಯಾಯಿತಿಯಲ್ಲ, ಪಾಠದ ಸಿದ್ಧತೆ. ಕ್ಯಾಮೆರಾ ಕಿರಿಕಿರಿಯಾದರೆ ಆಫ್ ಮಾಡಲು ಅನುಮತಿ ಪಡೆಯಿರಿ. ಉತ್ತರ ಹೊಳೆಯದಾಗ ಸಮಯ ಗಳಿಸಲು 'ಪಫ್ತರೀತೆ, ಪಝಾಲುಸ್ತ' (ದಯವಿಟ್ಟು ಇನ್ನೊಮ್ಮೆ ಹೇಳಿ) ನಾಲಿಗೆ ತುದಿಯಲ್ಲಿರಲಿ.

ಇನ್ನು ನೀನು, ನೀವು: ಅಪರಿಚಿತ ವಯಸ್ಕರಿಗೆ 'ವಿ', ಅಂದರೆ ನೀವು. 'ತಿ' ಎನ್ನೋಣ ಎಂದು ಅವರೇ ಹೇಳುವವರೆಗೂ ಬದಲಿಸಬೇಡಿ.