ಕೀರ್ದಿ ಪುಸ್ತಕದಲ್ಲಿ ಬರೆದ ಕಾದಂಬರಿ

ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ತೇರು ಸಾಗಿದ ಮರುವಾರ ಅವರು ಮೊದಲ ಸಲ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದರು. ವಯಸ್ಸು 47. ಊರಿನ ಒಂದು ದಾಲ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದಾರೆ. ಮಿಲ್ಲಿನವರು ಕರೆಯುವಂತೆ ನಾನೂ ಇಲ್ಲಿ ಅವರನ್ನು ಮುನೀಮರು ಎನ್ನುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹೇಳಿಕೊಂಡದ್ದು ಇಷ್ಟು: ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ತಲೆಯ ಹಿಂಭಾಗ ಸಿಡಿಯುತ್ತದೆ. ಮಿಲ್ಲಿನ ಲೆಕ್ಕದಲ್ಲಿ ಎರಡು ಸಲ ತಪ್ಪಾಗಿದೆ, ಇಪ್ಪತ್ತೆರಡು ವರ್ಷದಲ್ಲಿ ಹಾಗಾದದ್ದು ಇದೇ ಮೊದಲು. ಮೊನ್ನೆ ರೊಟ್ಟಿ ಆರಿದೆ ಎಂದು ಊಟದ ತಟ್ಟೆ ತಳ್ಳಿಬಿಟ್ಟರಂತೆ. ಮಗ ಎದ್ದು ಹೋಗಿ ಅಟ್ಟದ ಮೆಟ್ಟಿಲ ಮೇಲೆ ಕೂತನಂತೆ. ಅದನ್ನು ಹೇಳುವಾಗ ಮಾತ್ರ ಅವರ ದನಿ ನಡುಗಿತು.

ಕಾರಣ ಕೇಳಿದೆ. ಉತ್ತರ ಕೊಡುವ ಬದಲು ಬಟ್ಟೆಯ ಚೀಲದಿಂದ ಮೂರು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಕೆಂಪು ಬಟ್ಟೆ ಹೊದಿಸಿದ, ದಿನದ ಲೆಕ್ಕ ಬರೆಯುವ ಉದ್ದನೆಯ ಹಳೆಯ ಕೀರ್ದಿ ಪುಸ್ತಕಗಳು. ಮಿಲ್ಲಿನಲ್ಲಿ ಲೆಕ್ಕ ಕಂಪ್ಯೂಟರಿಗೆ ಹೋದ ಮೇಲೆ ಉಳಿದ ಖಾಲಿ ಪುಸ್ತಕಗಳನ್ನು ಮಾಲೀಕರನ್ನು ಕೇಳಿ ಮನೆಗೆ ತಂದಿದ್ದರು. ತೆರೆದರೆ ಜಮಾ, ಖರ್ಚು ಎಂದು ಗೆರೆ ಹಾಕಿದ ಅಂಕಣಗಳ ಮೇಲೆಯೇ ಸಣ್ಣ ಅಕ್ಷರದ ಸಾಲುಗಳು. ಪ್ರತಿ ದಿನದ ಬರವಣಿಗೆಯ ನೆತ್ತಿಯ ಮೇಲೆ ತಾರೀಕು, ವಾರ, ಆ ದಿನದ ತೊಗರಿ ಧಾರಣೆ. ಒಂದು ಪುಟದ ಮೊತ್ತದ ಅಂಕಣದಲ್ಲಿ ಮಗುವೊಂದು ಬರೆದ ಎತ್ತಿನ ಚಿತ್ರವಿತ್ತು. “ಮಗಳು ಚಿಕ್ಕವಳಿದ್ದಾಗ ಬರೆದದ್ದು, ಅಳಿಸಲು ಮನಸ್ಸಾಗಲಿಲ್ಲ” ಎಂದರು. ಮಗಳು ಈಗ ಪಿಯುಸಿ ಎರಡನೆಯ ವರ್ಷ.

ಹಾಗೆ ಬರೆದ ಕಾದಂಬರಿಗೆ ಅಲ್ಲಿಗೆ ಹದಿಮೂರು ವರ್ಷ. ಆಳಂದ ಕಡೆಯ ಒಂದು ಹಳ್ಳಿ, ತೊಗರಿ ಹೊಲ, ಸಾಲ, ಅಪ್ಪ ಅವ್ವ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದ ಸುದ್ದಿ ಓದಿದ ದಿನ, ಬೇಳೆಗೆ ಗುರುತು ಸಿಕ್ಕಿತು, ಬೆಳೆದವನಿಗೆ ಯಾವಾಗ ಎಂದು ಅವರಿಗೆ ಅನ್ನಿಸಿತಂತೆ. 2020ರ ಫೆಬ್ರವರಿಯಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ 85ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮೂರೂ ದಿನ ರಜೆ ಹಾಕಿ ಪುಸ್ತಕದ ಮಳಿಗೆಗಳ ಮುಂದೆ ನಿಂತಿದ್ದರು. ಅಲ್ಲಿಯತನಕ ಬರೆಯುವುದಷ್ಟೇ ಇತ್ತು. ಅಚ್ಚಾಗಬೇಕು ಎಂಬುದು ಅವರೊಳಗೆ ಹೊಕ್ಕದ್ದು ಆ ಮಳಿಗೆಗಳಲ್ಲಿ.

ಮುಂದಿನದು ಅನೇಕ ಬರಹಗಾರರ ಪಾಡು. ಇಬ್ಬರು ಪ್ರಕಾಶಕರಿಂದ ಉತ್ತರವೇ ಇಲ್ಲ. ಮೂರನೆಯವರು ಮೆಚ್ಚಿದರು, ಆದರೆ 85 ಸಾವಿರ ರೂಪಾಯಿ ಮುಂಗಡ ಕೊಟ್ಟು ಮುನ್ನೂರು ಪ್ರತಿ ಲೇಖಕರೇ ಕೊಳ್ಳಬೇಕೆಂದರು. ಮುನೀಮರು ಹೆಂಡತಿಗೆ ತಿಳಿಸದೆ ಅವರ ಪಾಟ್ಲಿ ಬಳೆ ಒಯ್ದು ಅಕ್ಕಸಾಲಿಗರ ಬಳಿ ತೂಗಿಸಿ, ಮತ್ತೆ ತಂದು ಪೆಟ್ಟಿಗೆಯಲ್ಲಿಟ್ಟಿದ್ದರು.

ಇದೆಲ್ಲ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ದೇವರ ಮೇಲೆ ಸಿಟ್ಟು ಬಂದಿದೆ ಅಕ್ಕಾವರೇ. ಸಿಟ್ಟು ಬಂತಲ್ಲ ಎಂದು ಹೆದರಿಕೆಯೂ ಬಂದಿದೆ” ಎಂದರು.

ಪುಸ್ತಕ ಅಚ್ಚಾದರೆ ಶರಣಬಸವೇಶ್ವರರ ದಾಸೋಹಕ್ಕೆ ಒಂದು ಕ್ವಿಂಟಲ್ ತೊಗರಿಬೇಳೆ ಕೊಡುತ್ತೇನೆಂದು ಹರಕೆ ಹೊತ್ತಿದ್ದರು. ಎರಡು ತೇರು ಕಳೆದವು. ಬೆಳಗಿನ ನಾಲ್ಕೂವರೆಗೆ ಎದ್ದು ಸ್ನಾನ, ಇಷ್ಟಲಿಂಗ ಪೂಜೆ, ಆಮೇಲೆ ಬರವಣಿಗೆ ಎಂಬುದು ಮೊದಲಿನ ಕ್ರಮ. ಮೆಲ್ಲಗೆ ಬರವಣಿಗೆ ಮುಂದಕ್ಕೆ ಬಂತು, ಪೂಜೆ ಎರಡು ನಿಮಿಷಕ್ಕೆ ಇಳಿಯಿತು, ದೀಪಾವಳಿಯ ನಂತರ ನಿಂತೇ ಹೋಯಿತು. ಲಿಂಗ ಕೊರಳಲ್ಲಿದೆ, ಅದನ್ನಿಟ್ಟ ಕರಡಿಗೆ ತೆರೆಯುವುದಿಲ್ಲ. ಈ ಸಲದ ತೇರಿಗೆ ಮನೆಯಿಂದ ಹೊರಗೇ ಬರಲಿಲ್ಲ. ದೇವರು ಕೊಡಲಿಲ್ಲ ಎಂಬ ದೂರು ಒಂದು ಕಡೆ, ನಾನೇ ದೇವರ ಹೊತ್ತನ್ನು ಕದ್ದೆ ಎಂಬ ಅಳುಕು ಇನ್ನೊಂದು ಕಡೆ. ಎರಡೂ ಒಂದೇ ಎದೆಯಲ್ಲಿ ಕುಳಿತರೆ ರಾತ್ರಿ ಎರಡಕ್ಕೆ ಎಚ್ಚರವಾಗದೆ ಇನ್ನೇನಾದೀತು?

ಮೊದಲ ದಿನವೇ ಮಾಡಬೇಕಾದ ಕೆಲಸ ಮಾಡಿದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. “ಪುಸ್ತಕಗಳನ್ನು ಒಲೆಗೆ ಹಾಕಬೇಕು ಅನ್ನಿಸಿದೆ, ನನ್ನನ್ನಲ್ಲ” ಎಂದರು. ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಬೇಕಾದೀತೆಂದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅನ್ನು ಅವರ ಮೊಬೈಲಿನಲ್ಲಿ ಬರೆಸಿದೆ. ತಲೆಸಿಡಿತಕ್ಕೆ ವೈದ್ಯರ ಬಳಿ ಕಳುಹಿಸಿದೆ. ರಕ್ತದೊತ್ತಡ ಹೆಚ್ಚಿತ್ತು, ಮಾತ್ರೆ ಶುರುವಾಯಿತು.

ಎರಡನೆಯ ಭೇಟಿಯಲ್ಲಿ ನಾನು ತಪ್ಪಿದೆ. ಇದು ಹೊತ್ತು ಹೊಂದಿಸುವ ಪ್ರಶ್ನೆ ಎಂದು ತಿಳಿದು ಹಾಳೆಯ ಮೇಲೆ ಗಂಟೆಗಳ ಪಟ್ಟಿ ಹಾಕಿ ಕೊಟ್ಟೆ: ಪೂಜೆಗೆ ಇಷ್ಟು, ಬರವಣಿಗೆಗೆ ಇಷ್ಟು, ಮಕ್ಕಳಿಗೆ ಇಷ್ಟು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಮುಂದಿನ ವಾರ ಬರಲಿಲ್ಲ. ಬರವಣಿಗೆ ಬಿಡು ಎಂದು ನಾನು ನಯವಾಗಿ ಹೇಳಿದೆನೆಂದೇ ಅವರು ತಿಳಿದಿದ್ದರು. ಫೋನ್ ಮಾಡಿದವರು ಅವರ ಹೆಂಡತಿ. “ನಾನು ಒಂದು ಸಲ ಬರಲೇ?” ಎಂದು ಕೇಳಿದರು.

ಇಬ್ಬರೂ ಬಂದರು. ಆಕೆ ಏಳನೆಯ ತರಗತಿಯವರೆಗೆ ಓದಿದವರು. ಕಾದಂಬರಿಯ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಧಾನವಾಗಿ ಹೇಳಿದರು: “ಅದರ ಮೇಲೆ ಯಾಕೆ ಸಿಟ್ಟು ಅಕ್ಕಾವರೇ? ಅತ್ತೆಯ ಬಗ್ಗೆ ಅದರಲ್ಲಿ ನೂರು ಪುಟ ಇದೆಯಂತೆ, ಮಗಳು ಹೇಳಿದಳು. ಅವರ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಂಡು ತಿಂಗಳಿಗೆ ಎರಡು ಸಲ ಆಳಂದದ ಬಸ್ಸು ಹತ್ತುವವಳು ನಾನು. ಇವರು ಹೋಗಿ ಐದು ತಿಂಗಳಾಯಿತು. ಅತ್ತೆ ಕೇಳುತ್ತಾರೆ, ನನ್ನ ಮಗ ಏನು ಬರೆಯುತ್ತಾನೆ ಎಂದು. ನನಗೇನು ಗೊತ್ತು? ನನಗೂ ಒಂದು ಪುಟ ಓದಿ ಹೇಳಿಲ್ಲ.”

ಮುನೀಮರು ತಲೆ ಎತ್ತಲಿಲ್ಲ. ನಾನೂ ನಡುವೆ ಮಾತಾಡಲಿಲ್ಲ. ಪಾಟ್ಲಿಯ ಸಂಗತಿಯನ್ನು ಅಂದು ಅವರೇ ಬಾಯಿಬಿಟ್ಟು ಹೇಳಿದರು. ಆಕೆಗೆ ಮೊದಲೇ ತಿಳಿದಿತ್ತು. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಯ ಗಂಟು ಬೇರೆ ರೀತಿ ಇತ್ತಂತೆ.

ಆ ದಿನದಿಂದ ನನ್ನ ಸಲಹೆಯ ದಿಕ್ಕು ಬದಲಾಯಿತು. ಈ ಮನುಷ್ಯನಿಗೆ ಬರವಣಿಗೆ ಕಡಿಮೆ ಮಾಡು ಎನ್ನುವ ಅಗತ್ಯ ನನಗೆ ಕಾಣಲಿಲ್ಲ. ಹದಿಮೂರು ವರ್ಷ ದಿನಾ ಬೆಳಿಗ್ಗೆ ಕೂತು ಬರೆಯುವುದು ಸಣ್ಣ ಮಾತಲ್ಲ, ನನಗೆ ಅದರ ಬಗ್ಗೆ ಗೌರವವಿದೆ. ಮೊದಲ ಸಲಹೆಯಾಗಿ, ವಾರಕ್ಕೊಂದು ಸಂಜೆ ಬರೆದದ್ದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಬೇಕು ಎಂದೆ. ತಿಂಗಳಿಗೊಂದು ಭಾನುವಾರ ಆಳಂದದ ಬಸ್ಸು ಹತ್ತುವವರು ಅವರೇ ಆಗಬೇಕು. ಗುಳಿಗೆಯ ಜೊತೆಗೆ ಒಂದು ಕೀರ್ದಿ ಪುಸ್ತಕವನ್ನೂ ಒಯ್ದು ತಾಯಿಗೆ ಓದಬೇಕು.

ಹಣದ ಮಾತಿಗೆ ಅವರ ಕಸುಬೇ ನೆರವಿಗೆ ಬಂತು. “ಅಣ್ಣಾವರೇ, ಬರಬೇಕಾದ ಹಣವನ್ನು ಕೀರ್ದಿಯಲ್ಲಿ ಯಾವಾಗ ಜಮಾ ಬರೆಯುತ್ತೀರಿ?” ಎಂದು ಕೇಳಿದೆ. “ಕೈಗೆ ಬಂದ ದಿನ” ಎಂದು ತಟ್ಟನೆ ಹೇಳಿದರು. ಹೇಳಿ ನನ್ನ ಮುಖ ನೋಡಿದರು. ಮಗಳ ಕಾಲೇಜು, ಮನೆಯ ಮೇಲಿನ ಸಾಲ, ಮಿಲ್ಲಿನಲ್ಲಿ ಮರ್ಯಾದೆ, ಎಲ್ಲವನ್ನೂ ಅವರು ಇನ್ನೂ ಅಚ್ಚಾಗದ ಪುಸ್ತಕದ ಹೆಸರಿನಲ್ಲಿ ಜಮಾ ಬರೆದುಕೊಂಡಿದ್ದರು. ಕನ್ನಡದಲ್ಲಿ ಲೇಖಕರ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇಕಡಾ 10ರ ಆಸುಪಾಸು. ಮುನ್ನೂರು ರೂಪಾಯಿ ಬೆಲೆಯ ಐನೂರು ಪ್ರತಿ ಪೂರ್ತಿ ಮಾರಾಟವಾದರೆ ಎಷ್ಟು? ನಾನು ಪೆನ್ನು ತೆಗೆಯುವ ಮೊದಲೇ “ಹದಿನೈದು ಸಾವಿರ” ಎಂದರು. ಪಾಟ್ಲಿ ಅಡವಿಡುವ ಮಾತು ಅಲ್ಲಿಗೆ ಮುಗಿಯಿತು.

ಪ್ರಕಟಣೆಯ ಆಸೆಯನ್ನು ಮಾತ್ರ ನಾನು ಮುರಿಯಲಿಲ್ಲ. ಆಸೆಗೆ ಸರಿಯಾದ ತಿಳಿವಳಿಕೆ ಬೇಕಿತ್ತು. ಪ್ರಕಾಶಕರು ಕಳಿಸಿದ ಒಪ್ಪಂದವನ್ನು ತರಲು ಹೇಳಿ ಪರಿಚಯದ ವಕೀಲರಿಗೆ ತೋರಿಸಲು ಕಳುಹಿಸಿದೆ. ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ಲೇಖಕನದು, ನೋಂದಣಿ ಕಡ್ಡಾಯವಲ್ಲ. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ 1957ರ ಕಾಯ್ದೆಯ ಪ್ರಕಾರ ಅದು ಐದು ವರ್ಷವೆಂದೇ ಲೆಕ್ಕ. ಇವರ ಒಪ್ಪಂದದಲ್ಲಿ “ಶಾಶ್ವತವಾಗಿ” ಎಂಬ ಮಾತಿತ್ತು. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಗೂ ಹಣ ಕೇಳಿದ್ದರು. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ವಯಸ್ಸು ಅವರಿಗೆ ದಾಟಿದೆ. ಆದರೆ ಈಗ ನೂರು ಪ್ರತಿಯನ್ನಷ್ಟೇ ಡಿಜಿಟಲ್ ಮುದ್ರಣ ಮಾಡಿಸಲು ಬರುತ್ತದೆ. ಅದಕ್ಕೂ ಮೊದಲು ಕಾದಂಬರಿ ಕೈಬರಹದಿಂದ ಹೊರಬರಬೇಕಿತ್ತು. ಇಬ್ಬರು ಪ್ರಕಾಶಕರು ಉತ್ತರಿಸದಿರಲು ಅಂಕಣಗಳ ಮೇಲೆ ಬರೆದ ಆ ಸಣ್ಣ ಅಕ್ಷರದ ನೆರಳಚ್ಚು ಪ್ರತಿಯೇ ಒಂದು ಕಾರಣವಿರಬಹುದೆಂದು ನನ್ನ ಅನುಮಾನ. ಪರೀಕ್ಷೆ ಮುಗಿಸಿದ ಮಗಳು ಮೊಬೈಲಿನಲ್ಲಿ ಬೆರಳಚ್ಚು ಮಾಡಲು ಒಪ್ಪಿದಳು.

ಇನ್ನು ದೇವರ ವಿಚಾರ. ಇಲ್ಲಿ ನನ್ನ ಗಡಿ ನನಗೆ ಗೊತ್ತಿರಬೇಕು. ಹರಕೆ ಕಟ್ಟಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನು ಗುರುವಲ್ಲ. ಅವರು ನಂಬುವ ಊರಿನ ಮಠದ ಅಜ್ಜನವರನ್ನು ಕಂಡು ಮನಸ್ಸಿನಲ್ಲಿದ್ದುದನ್ನೆಲ್ಲ, ಸಿಟ್ಟನ್ನೂ ಸೇರಿಸಿ, ಹೇಳಿಕೊಳ್ಳಲು ಕೇಳಿದೆ. ಹೋಗಿ ಬಂದರು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ.

ಆದರೆ ಐದನೆಯ ಭೇಟಿಯಲ್ಲಿ ಅವರೇ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ಎತ್ತಿದರು, ತಮ್ಮ ಮೇಲಿನ ಆರೋಪಪಟ್ಟಿಯಂತೆ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಆಕೆಯ ಗಂಡ ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ತಂದ. ಇಷ್ಟು ಅಕ್ಕಿಯ ಆಸೆ ನಮಗೇಕೆ ಎಂದು ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. “ನನ್ನ ಪುಸ್ತಕದ ಆಸೆಯೂ ಹಾಗೆಯೇ ಅಲ್ಲವೇ ಅಕ್ಕಾವರೇ?”

“ಮರುದಿನ ಮಾರಯ್ಯ ಏನು ಮಾಡಿದ?” ಎಂದು ಕೇಳಿದೆ.

“ಏನು ಮಾಡುತ್ತಾನೆ? ಅಕ್ಕಿ ಆಯಲು ಹೋದ.”

“ಲಕ್ಕಮ್ಮ ಆಯುವುದು ಬೇಡ ಎಂದಳೇ?”

ಬಹಳ ಹೊತ್ತು ಅವರು ಕಿಟಕಿಯ ಕಡೆ ನೋಡುತ್ತ ಕೂತರು. ಹೊರಗೆ ಜೇವರ್ಗಿ ಕಡೆಯ ಬಸ್ಸು ಹೋಯಿತು. “ದಿನದ ಅಕ್ಕಿ ಎಷ್ಟು ಎಂದು ನಾನು ನೋಡಿಕೊಳ್ಳಬೇಕು” ಎಂದರು. ಅದನ್ನು ನಾನು ಹೇಳಿಕೊಟ್ಟಿದ್ದರೆ ಅದೂ ಆ ಗಂಟೆಗಳ ಪಟ್ಟಿಯಂತೆ ಜೇಬು ಸೇರುತ್ತಿತ್ತು.

ಕ್ರಮವನ್ನು ಆಮೇಲೆ ಅವರೇ ಹಾಕಿಕೊಂಡರು. ಸ್ನಾನ, ಲಿಂಗಪೂಜೆ, ಅನಂತರ ಒಂದು ಗಂಟೆ ಬರವಣಿಗೆ. ಗಂಟೆ ಮುಗಿದರೆ ಸಾಲು ಅರ್ಧಕ್ಕಿದ್ದರೂ ಪುಸ್ತಕ ಮುಚ್ಚಬೇಕು. ಡಿಸೆಂಬರ್ ಕೊನೆಯಿಂದ ಹೊಸ ತೊಗರಿ ಮಿಲ್ಲಿಗೆ ಬರತೊಡಗಿದರೆ ರಾತ್ರಿ ಒಂಬತ್ತರವರೆಗೂ ಲೆಕ್ಕ. ಆ ನಾಲ್ಕು ತಿಂಗಳು ಹೊಸದಾಗಿ ಬರೆಯುವುದಿಲ್ಲ, ಹೊಳೆದದ್ದನ್ನು ಒಂದು ಸಾಲಿನಲ್ಲಿ ಗುರುತು ಹಾಕಿಕೊಳ್ಳುವುದಷ್ಟೇ. ಮೊದಲ ಎರಡು ವಾರ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ, ಕಾದಂಬರಿಯ ಸಾಲುಗಳೇ ಬರುತ್ತಿದ್ದವು ಎಂದು ಬೇಸರಪಟ್ಟರು. ಬಂದರೆ ಬರಲಿ, ಅಂಗೈಯಲ್ಲಿನ ಲಿಂಗವನ್ನು ಕೆಳಗಿಡಬೇಡಿ ಎಂದೆ.

ನಿದ್ದೆ ಪೂರ್ತಿ ಸರಿಯಾಗಿಲ್ಲ, ವಾರದಲ್ಲಿ ಒಂದೆರಡು ರಾತ್ರಿ ಈಗಲೂ ಎಚ್ಚರವಾಗುತ್ತದೆ. ಮಗನ ಜೊತೆಗಿನ ಮಾತು ಇನ್ನೂ ಬಿಗಿಯಾಗಿಯೇ ಇದೆ. ಅದಕ್ಕೆ ಅವನನ್ನೂ ಕರೆತರಲು ಹೇಳಿದ್ದೇನೆ. ಪಾಟ್ಲಿ ಪೆಟ್ಟಿಗೆಯಲ್ಲಿದೆ. ಪ್ರಕಾಶಕರೊಬ್ಬರಿಗೆ ಬೆರಳಚ್ಚಾದ ಮೊದಲ ಮೂರು ಅಧ್ಯಾಯ ಹೋಗಿದೆ, ಉತ್ತರ ಬಂದಿಲ್ಲ.

ಕಳೆದ ತಿಂಗಳು ಬಂದಾಗ ಒಂದು ಕೀರ್ದಿ ಪುಸ್ತಕ ತೆರೆದು ತೋರಿಸಿದರು. ಅವ್ವನ ಅಧ್ಯಾಯದಲ್ಲಿ ಪುಟಗಟ್ಟಲೆ ಕೆಂಪು ಶಾಯಿಯ ಗೆರೆ. ಹೊಡೆದುಹಾಕಿಸಿದವರು ಹೆಂಡತಿ. “ನಿಮ್ಮ ಅವ್ವ ಹೀಗೆಲ್ಲ ಮಾತಾಡುವುದಿಲ್ಲ” ಎಂದರಂತೆ. ಅಂಚಿನಲ್ಲಿ, ಜಮಾ ಅಂಕಣದೊಳಗೆ, ಆಕೆ ಹೇಳಿದಂತೆ ಅವ್ವನ ನಿಜವಾದ ಮಾತುಗಳನ್ನು ಮುನೀಮರು ಸಣ್ಣಗೆ ಬರೆದುಕೊಂಡಿದ್ದರು. ಮೇಲೆ ತಾರೀಕು, ವಾರ, ತೊಗರಿ ಧಾರಣೆ.