ಹಳೇ ಫೋಟೋ ಅಂದರೆ ಯಾವ ವರ್ಷದ್ದು?

ಗುಳೇದಗುಡ್ಡದ ಕಿರಾಣಿ ಅಂಗಡಿಯ ಹಳೇ ಫೋಟೋ ಮುಂದಿಟ್ಟುಕೊಂಡು ನೀವು ಬರೆದ ಲೇಖನ ತಲುಪಿತು. ಫೋಟೋ ಅಪರೂಪದ್ದು, ಭಾಷೆ ಚೊಕ್ಕವಾಗಿದೆ. ಆದರೆ ಎರಡು ಕಡೆ ನನಗೆ ಸಿಟ್ಟೇ ಬಂತು.

‘1940ರ ಸುಮಾರಿನ ಚಿತ್ರ’ ಎಂದಿದ್ದೀರಿ. ಕಪ್ಪು-ಬಿಳುಪು ಇದೆ ಅನ್ನುವುದೊಂದೇ ಆಧಾರವೇ? ಗಲ್ಲಾದ ಹಿಂದೆ ಸೀಮೆಸುಣ್ಣದಲ್ಲಿ ಬರೆದ ದರದ ಹಲಗೆ ಓದಿ: ‘ಬೆಲ್ಲ 1 ಸೇರು 62 ನ.ಪೈ.’ ನ.ಪೈ. ಅಂದರೆ ನಯಾ ಪೈಸೆ. ಅದು ಬಂದದ್ದು 1957ರ ಏಪ್ರಿಲ್ 1ಕ್ಕೆ. 1964ರ ಜೂನ್‌ನಲ್ಲಿ ‘ನಯಾ’ ಬಿದ್ದು ಬರೀ ಪೈಸೆ ಉಳಿಯಿತು. 62 ಕೂಡ ಸುಮ್ಮನೆ ಬಂದ ಅಂಕಿಯಲ್ಲ, ರೂಪಾಯಿಗೆ ಹದಿನಾರಾಣೆಯ ಹಳೇ ಲೆಕ್ಕದ ಹತ್ತಾಣೆಯನ್ನು ನೂರು ಪೈಸೆಯ ಹೊಸ ಲೆಕ್ಕಕ್ಕೆ ತಿರುಗಿಸಿ ಅರ್ಧ ಪೈಸೆ ಬಿಟ್ಟರೆ ಸಿಗುವುದು ಅದೇ. ತೂಕ ಇನ್ನೂ ಸೇರಿನಲ್ಲಿದೆ. ಕಿಲೋ 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬಳಕೆಗೆ ಬಂತು. 1957ರಿಂದ 60ರ ಆಚೀಚೆ ಎಂದು ಧೈರ್ಯವಾಗಿ ಬರೆಯಿರಿ. ನಾನು ಈ ಕೆಲಸ ಕಲಿಯುವಾಗ ಫೋಟೋದ ಜೊತೆಗೇ ಭೂತಗನ್ನಡಿಯನ್ನೂ ಕೈಗೆ ಕೊಡುತ್ತಿದ್ದರು.

ಇನ್ನೊಂದು, ‘ಭವ್ಯ ಪಾರಂಪರಿಕ ಮುಂಭಾಗ’. ಈ ಮೂರು ಶಬ್ದಗಳಲ್ಲಿ ಅಂಗಡಿಯೇ ಕಾಣುವುದಿಲ್ಲ. ಕಂಬ ಎಣಿಸಿ: ಮೂರಿವೆ, ಅಂದರೆ ಎರಡಂಕಣದ ಅಂಗಡಿ (ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ). ಕಟ್ಟೆ ಸೊಂಟದೆತ್ತರ. ಗಿರಾಕಿ ಬೀದಿಯಲ್ಲೇ ನಿಲ್ಲುತ್ತಾನೆ, ಗಾದಿಯ ಮೇಲೆ ಕೂತ ಅಂಗಡಿಕಾರನ ತಕ್ಕಡಿ ಅವನ ಕಣ್ಣಿಗೆ ನೇರ ಬರುತ್ತದೆ. ಕಟ್ಟೆ ಅಷ್ಟು ಎತ್ತರ ಇರುವುದರಿಂದಲೇ ಮಳೆನೀರು ಧಾನ್ಯದ ಚೀಲಕ್ಕೆ ತಾಗುವುದಿಲ್ಲ. ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಕ್ಕೆ ಹಾಸಿದ ಜಂತಿ, ಮಣ್ಣಿನ ಮಾಳಿಗೆ. ಇದನ್ನು ಬರೆಯಬೇಕಿತ್ತು.

ಅದಕ್ಕಿಂತ ಹೆಚ್ಚು ನೋವಾದದ್ದು ನೀವು ಎಡಗಡೆ ಅಂಚು ಕತ್ತರಿಸಿದ್ದಕ್ಕೆ. ಗೋಡೆಗೆ ಒರಗಿಸಿಟ್ಟ ಹಲಗೆಗಳ ಒಂದು ತುದಿ ಮಾತ್ರ ಉಳಿದಿದೆ. ಅದು ಅಂಗಡಿಯ ಬಾಗಿಲು. ಹೊಸ್ತಿಲಿಗೂ ಮೇಲಿನ ತೊಲೆಗೂ ಕೊರೆದ ತೋಡಿನಲ್ಲಿ ಹಲಗೆಯನ್ನು ಒಂದೊಂದಾಗಿ ಕೂರಿಸಿ ಸರಿಸುತ್ತಾರೆ, ಕೊನೆಯದಕ್ಕೆ ಕಬ್ಬಿಣದ ಪಟ್ಟಿ ಹಾಕಿ ಬೀಗ. ಪ್ರತಿ ಹಲಗೆಗೂ ಅಂಕಿ ಬರೆದಿರುತ್ತದೆ, ಯಾಕಂದರೆ ತೋಡು ಎಲ್ಲ ಕಡೆ ಒಂದೇ ಅಗಲ ಸವೆದಿರುವುದಿಲ್ಲ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿದಾಗ ಮೂರನೆಯದು ಐದರ ಜಾಗದಲ್ಲಿ ಕೂರುವುದೇ ಇಲ್ಲ. ನಿಮ್ಮ ಚಿತ್ರದಲ್ಲಿ ‘೪’ ಅರ್ಧ ಕಾಣುತ್ತಿದೆ.

ಮೂಲ ಫೋಟೋವನ್ನು ಅಂಚುಸಮೇತ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಕಳಿಸಿ. ಮೊಬೈಲ್ ಆದರೆ ಫ್ಲ್ಯಾಶ್ ಬೇಡ, ಹೊಳಪಿನ ಕಾಗದದ ನಡುವೆ ಬಿಳಿ ಕಲೆ ಬಿದ್ದು ದರದ ಹಲಗೆಯೇ ಅಳಿಸಿಹೋಗುತ್ತದೆ. ಕಿಟಕಿಯ ಓರೆ ಬೆಳಕು ಸಾಕು. ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೋದ ಮುದ್ರೆ ಇರಬಹುದು.